ಸೇತುವೆ ದಾಟಿದರೂ ಅದೇ ನಂಬರ್

ನದಿಯ ಈಚೆಗೆ ಒಂದು ರಾಜ್ಯ, ಆಚೆಗೆ ಇನ್ನೊಂದು. ನಡುವೆ ಒಂದು ಸೇತುವೆ. ಈಚೆ ದಡದ ಊರಿನಲ್ಲಿ ನೂಲಿನ ಗಿರಣಿ ಇತ್ತು. ಗಿರಣಿಯ ಬೆನ್ನಿಗೆ ಕೆಲಸಗಾರರ ಸಾಲುಮನೆಗಳಿದ್ದವು, ಮನೆಗೊಬ್ಬರಂತೆ ಕೆಮ್ಮುವವರೂ ಇದ್ದರು. ಇಲ್ಲದ್ದು ದೊಡ್ಡಾಸ್ಪತ್ರೆ ಒಂದೇ. ಅದು ಸೇತುವೆಯಾಚೆ, ನಲವತ್ತು ನಿಮಿಷದ ದಾರಿ. ಎದೆನೋವು ಬರಲಿ, ಹೆರಿಗೆ ನೋವು ಬರಲಿ, ನೂಲಿನ ಮೂಟೆ ಸಾಗಿಸುವ ಟೆಂಪೋದಲ್ಲಿ ಇನ್ನೊಂದು ಮೂಟೆಯ ಹಾಗೆ ಹೋಗಬೇಕಿತ್ತು.

ಹೀಗಿರುವಾಗ ಗಿರಣಿ ಕೆಲಸಗಾರರ ಸಂಘದವರು ಆಚೆ ದಡದ ಆಸ್ಪತ್ರೆಯಿಂದ ಹಳೆಯ ಆಂಬುಲೆನ್ಸ್ ಒಂದನ್ನು ಕೊಂಡು ತಂದರು, ಓಡಿಸಲು ಸಾಲುಮನೆಯವನೇ ಆದ ಒಬ್ಬ ಡ್ರೈವರನನ್ನು ಗೊತ್ತುಮಾಡಿದರು. ಆ ದಿನ ಸಾಲುಮನೆಗಳಲ್ಲಿ ಎಷ್ಟು ಒಲೆಗಳ ಮೇಲೆ ಹಾಲು ಉಕ್ಕಿ ಹೋಯಿತೋ ಲೆಕ್ಕವಿಲ್ಲ. ಎಲ್ಲರೂ ಬೀದಿಯಲ್ಲಿದ್ದರು. ಒಬ್ಬರು ಸ್ಟ್ರೆಚರನ್ನು ಒಳಗೆ ತಳ್ಳಿದರೆ ಇನ್ನೊಬ್ಬರು ಹೊರಗೆ ಎಳೆದರು. ಸೈರನ್ ಒತ್ತಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಡ್ರೈವರನ ತಾಯಿ, ಯಾರೂ ನೋಡದಾಗ ತಾನೇ ಒಮ್ಮೆ ಒತ್ತಿ, ತಾನೇ ಬೆಚ್ಚಿಬಿದ್ದಳು.

ಈ ಸಡಗರದಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಡ್ರೈವರನ ಹೆಂಡತಿ. ಎಲ್ಲರಿಗಿಂತ ಹೆಚ್ಚು ಹೆದರಿದವಳೂ ಅವಳೇ. ಅವಳಿಗೆ ಎಂಟು ತಿಂಗಳು ತುಂಬುತ್ತಿತ್ತು, ಹೊಟ್ಟೆಯಲ್ಲಿ ಅವಳಿ ಮಕ್ಕಳು. ಗಿರಣಿಯಲ್ಲಿ ಅವಳದು ನೂಲು ನೋಡುವ ಕೆಲಸ. ಓಡುವ ಎಳೆಯಲ್ಲಿ ಗಂಟು ಕಂಡರೆ ಯಂತ್ರ ನಿಲ್ಲಿಸಬೇಕು. ಎಂಟು ವರ್ಷ ಅದನ್ನೇ ಮಾಡಿ ಅವಳ ಕಣ್ಣಿಗೆ ಎಲ್ಲಿ ನೋಡಿದರೂ ಗಂಟೇ ಕಾಣುತ್ತದೆ ಎಂದು ಗಂಡ ನಗುತ್ತಿದ್ದ.

ಗಾಡಿ ಬಂದ ಮೂರನೆಯ ದಿನ ಅವಳ ಕಣ್ಣಿಗೆ ನಿಜವಾದ ಗಂಟೊಂದು ಕಂಡಿತು.

ಅವಳ ಮಾವ ಬೋರ್ಡು ಬರೆಯುವವರು. ಊರಿನ ಅಂಗಡಿ, ಶಾಲೆ, ಕ್ಷೌರದ ಮಳಿಗೆ, ಯಾವುದರ ಹೆಸರು ನೋಡಿದರೂ ಅದು ಅವರದೇ ಕೈ. ಊರವರು ಅವರನ್ನು ಬೋರ್ಡಪ್ಪ ಎಂದೇ ಕರೆಯುತ್ತಿದ್ದರು. ಅಂದು ಬೆಳಗ್ಗೆ ಮಾವ ಹಿತ್ತಿಲಿನಲ್ಲಿ ಎರಡು ತಗಡು ಹರಡಿಕೊಂಡು ಕೂತಿದ್ದರು. ಗಾಡಿಯ ಹಿಂದೆ ಮುಂದೆ ಇದ್ದ ನಂಬರ್ ಪ್ಲೇಟುಗಳನ್ನು ಬಿಚ್ಚಿ ಬಣ್ಣದ ಡಬ್ಬಿಗಳ ಹಿಂದೆ ಒರಗಿಸಿಟ್ಟಿದ್ದರು. ತಗಡಿನ ಒಂದು ಮುಖಕ್ಕೆ ಆಚೆ ರಾಜ್ಯದ ಹಳೆಯ ನಂಬರ್, ಇನ್ನೊಂದು ಮುಖಕ್ಕೆ ಈಚೆ ರಾಜ್ಯದ ಒಂದು ನಂಬರ್. ಮೇಲೆ ಎರಡು ಕೊಂಡಿ.

ಸೊಸೆ ಕಾಫಿ ತಂದು ಕೊಟ್ಟು ಅಲ್ಲೇ ನಿಂತಳು. ಮಾವ ತಗಡನ್ನು ದೋಸೆ ಮಗುಚಿದ ಹಾಗೆ ಮಗುಚಿ ತೋರಿಸಿದರು. ಊರಿನಲ್ಲಿರುವಾಗ ಈ ಮುಖ, ಸೇತುವೆ ಹತ್ತಿದ ಮೇಲೆ ಆ ಮುಖ. ಹೊರ ರಾಜ್ಯದ ಗಾಡಿ ಅಂತ ಇಲ್ಲಿಯವರು ಹಿಡಿಯುವ ಹಾಗಿಲ್ಲ, ಅಲ್ಲಿಯವರೂ ಹಿಡಿಯುವ ಹಾಗಿಲ್ಲ. ಗಿರಣಿಯ ಲಾರಿಯನ್ನು ಸೇತುವೆಯ ಬಳಿ ಅರ್ಧ ದಿನ ನಿಲ್ಲಿಸಿಕೊಂಡದ್ದನ್ನು ಅವರು ಕಂಡಿದ್ದರು. ಅದು ಸರಕಿನ ಕಾಗದದ ಗಲಾಟೆ, ನಂಬರಿನದಲ್ಲ. ಆದರೆ ಹಾವು ಕಂಡವನಿಗೆ ಹಗ್ಗವೂ ಹಾವೇ.

"ಈ ಕಡೆಯ ನಂಬರನ್ನು ಯಾರು ಕೊಟ್ಟರು ಮಾವ?" ಎಂದಳು ಅವಳು, ಮೆಲ್ಲಗೆ.

"ಯಾರು ಕೊಡೋದು, ನಾನೇ ಇಟ್ಟೆ. ನಮ್ಮ ಮದುವೆ ವರ್ಷ. ಹೇಗೂ ಹೊಸ ನಂಬರಿಗೆ ಅರ್ಜಿ ಹಾಕೇ ಹಾಕ್ತೀವಿ, ಬಂದಾಗ ಅಳಿಸಿ ಬರೆದರಾಯ್ತು. ನಿನಗೆ ಎರಡು ಮಕ್ಕಳು, ಗಾಡಿಗೆ ಎರಡು ನಂಬರ್. ಸರಿಹೋಯ್ತಲ್ಲ."

ಮಾವ ಅಷ್ಟು ಸಂತೋಷದಲ್ಲಿದ್ದರು. ಅವಳಿಗಾಗಿಯೇ ಇದನ್ನೆಲ್ಲ ಮಾಡುತ್ತಿದ್ದರು. ಗಂಟಲಿಗೆ ಬಂದ ಮಾತನ್ನು ಅವಳು ನುಂಗಿಕೊಂಡು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರ ಅವಳಿಗೆ ದೊಡ್ಡಾಸ್ಪತ್ರೆಯಲ್ಲಿ ತಪಾಸಣೆ ಇತ್ತು. ಗಾಡಿಯ ಮೊದಲ ಓಟವೂ ಆದಂತಾಯಿತು ಎಂದು ಗಂಡ ಹೊರಡಿಸಿದ. ಎಷ್ಟು ನಿಮಿಷಕ್ಕೆ ಮುಟ್ಟುತ್ತೇವೆ, ಸ್ಟ್ರೆಚರ್ ಎಷ್ಟು ಅಲ್ಲಾಡುತ್ತದೆ, ಎಲ್ಲ ನೋಡಬೇಕು ಎಂದು ಮಾವ ತಾವೇ ರೋಗಿಯಾಗಿ ಮಲಗಿದರು. ಎದೆಯವರೆಗೂ ಬಿಳಿ ಹೊದಿಕೆ. ಸೊಸೆ ಪಕ್ಕದ ಸೀಟಿನಲ್ಲಿ ಕೂತಳು. ಇಡೀ ಸಾಲುಮನೆ ಕೈಬೀಸಿ ಕಳಿಸಿತು. ಅತ್ತೆ ಮಾತ್ರ ಗಂಡನನ್ನು ನೋಡಿ, ಮನೆಯಲ್ಲಿ ಮಲಗೋದು ಸಾಲದು ಅಂತ ಈಗ ರಸ್ತೆಯ ಮೇಲೂ ಮಲಗಿಕೊಂಡು ಹೊರಟಿರಾ ಎಂದಳು.

ಸೇತುವೆಯ ನಡುವೆ ಗಂಡ ಗಾಡಿ ನಿಲ್ಲಿಸಿ ಇಳಿದ. ಮುಂದಿನ ತಗಡನ್ನು ತಿರುಗಿಸಿದ. ಹಿಂದೆ ಬಸ್ಸಿನವನು ಹಾರ್ನ್ ಬಾರಿಸತೊಡಗಿದ. ಹಿಂದಿನ ತಗಡು ತಿರುಗಿಸುವುದು ಮಾವನ ಪಾಲಿನ ಕೆಲಸ. ಅವರು ಕದಲಲಿಲ್ಲ. ರೋಗಿ ಎದ್ದು ಓಡಾಡಿದರೆ ನೋಡಿದವರು ಏನಂದುಕೊಂಡಾರು ಎಂದು, ಆಮೇಲೆ ತಿರುಗಿಸಿದರಾಯಿತು ಎಂದರು. ಹಾರ್ನಿನ ಕಾಟಕ್ಕೆ ಗಂಡ ಓಡಿಬಂದು ಗಾಡಿ ಬಿಟ್ಟ.

ಆಚೆ ತುದಿಯಲ್ಲಿ ಚೆಕ್‌ಪೋಸ್ಟು. ಅಡ್ಡಗಂಬ ಮೇಲೆದ್ದಿತು, ಗಾಡಿ ದಾಟಿತು. ಹತ್ತು ಮಾರು ಹೋಗುವಷ್ಟರಲ್ಲಿ ಸೀಟಿ ಊದಿದರು.

ಅಲ್ಲಿಯ ಸಾಹೇಬರು ಗಾಡಿಯ ಮುಂದೆ ಹೋಗಿ ನೋಡಿದರು. ಹಿಂದೆ ಬಂದು ನೋಡಿದರು. ಮತ್ತೆ ಮುಂದೆ ಹೋದರು. ಆಮೇಲೆ ಹಿಂದಿನ ನಂಬರನ್ನು ಕೈಯಲ್ಲಿದ್ದ ಯಂತ್ರಕ್ಕೆ ಒತ್ತಿ ಗಂಡನ ಕಡೆ ತಿರುಗಿದರು.

"ಇದು ಸ್ಕೂಟರ್ ಅಂತ ತೋರಿಸ್ತಿದೆಯಲ್ಲಪ್ಪ. ಸ್ಕೂಟರಿನಲ್ಲಿ ಸ್ಟ್ರೆಚರ್ ಎಲ್ಲಿಟ್ಟಿದ್ದೀಯ?"

ಮಾವನ ಮದುವೆಯ ವರ್ಷ ಯಾರದೋ ಸ್ಕೂಟರಿನ ನಂಬರಾಗಿತ್ತು. ಆ ಮಾತು ಕೇಳಿದ್ದೇ ರೋಗಿ ಹೊದಿಕೆ ಸರಿಸಿ ಎದ್ದು ಕೂತರು. ಬಾಗಿಲಲ್ಲಿ ನಿಂತಿದ್ದ ಪೇದೆ ಎರಡು ಹೆಜ್ಜೆ ಹಿಂದೆ ಸರಿದ. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು.

ಮಾವ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಕೆಟ್ಟ ಕೆಲಸಕ್ಕೆ ಮಾಡಿದ್ದಲ್ಲ, ಸೊಸೆಯ ಹೆರಿಗೆಗೆ ಅಡ್ಡಿಯಾಗದಿರಲಿ ಅಂತ ಮಾಡಿದ್ದು ಎಂದರು.

"ಕೆಟ್ಟ ಕೆಲಸ ಮಾಡೋರೂ ಇದನ್ನೇ ಮಾಡ್ತಾರೆ ಯಜಮಾನರೇ," ಎಂದರು ಸಾಹೇಬರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ಹೊರಗಿನಿಂದ ನೋಡೋ ನನಗೆ ಅವರಿಗೂ ನಿಮಗೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು?"

ಉಳಿದದ್ದನ್ನು ಅವರು ಸಮಾಧಾನವಾಗಿಯೇ ಹೇಳಿದರು. ಒಳಗೆ ನರಳುವ ರೋಗಿ ಇದ್ದಿದ್ದರೆ ಮೊದಲು ಆಸ್ಪತ್ರೆಗೆ ಬಿಟ್ಟು ಆಮೇಲೆ ವಿಚಾರಿಸುತ್ತಿದ್ದರಂತೆ. ಇಂದು ಹಾಗಿಲ್ಲ. ಇಲ್ಲದ ನಂಬರ್ ಹಾಕುವುದು ಅಪರಾಧ. ಅದರ ಜೊತೆಗೆ, ವಿಮೆ ಇನ್ನೂ ಆಸ್ಪತ್ರೆಯ ಹೆಸರಿನಲ್ಲಿದೆ, ಗಾಡಿ ಓಡಲು ಯೋಗ್ಯ ಎಂಬ ಫಿಟ್‌ನೆಸ್ ಪತ್ರದ ಅವಧಿ ಮೊನ್ನೆಯೇ ಮುಗಿದಿದೆ. ಕಾಗದ ಸರಿಪಡಿಸಿ ತೋರಿಸುವವರೆಗೂ ಗಾಡಿ ಇಲ್ಲೇ ನಿಲ್ಲುತ್ತದೆ. ಎರಡು ತಗಡುಗಳನ್ನೂ ಕಳಚಿ ಅವರು ಒಳಗಿಟ್ಟರು. ಅವಳನ್ನು ಮಾತ್ರ ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿಕೊಟ್ಟರು.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಒಂದು ಮಗು ಅಡ್ಡ ಮಲಗಿದೆ ಎಂದರು. ಮೊದಲ ನೋವಿಗೇ ಹೊರಟುಬಿಡು, ಎರಡನೆಯದಕ್ಕೆ ಕಾಯಬೇಡ, ಟೆಂಪೋ ಕುಲುಕಾಟ ಬೇಡವೇ ಬೇಡ, ಮಲಗಿಕೊಂಡೇ ಬಾ ಎಂದರು. ಇನ್ನು ಮೂರು ವಾರವೂ ಇರಬಹುದು, ನಾಳೆಯೂ ಆಗಬಹುದು.

ಮೂವರೂ ಬಸ್ಸಿನಲ್ಲಿ ವಾಪಸಾದರು. ಸೀಟು ಸಿಕ್ಕಿದ್ದು ಅವಳೊಬ್ಬಳಿಗೆ. ಮಾವ ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತರು. ಕಿಟಕಿಯಿಂದ ನದಿ ನೋಡುತ್ತ ಅವಳಿಗೆ ಒಂದೇ ಯೋಚನೆ: ಗಂಟು ನನಗೆ ಕಂಡಿತ್ತು, ಯಂತ್ರ ನಿಲ್ಲಿಸಲಿಲ್ಲ.

ಮನೆ ಮುಟ್ಟಿದವಳೇ ಅವಳು ಕಾಲೇಜಿನ ಗೆಳತಿಗೆ ಫೋನ್ ಮಾಡಿದಳು. ಆ ಗೆಳತಿಗೆ ಸಾರಿಗೆ ಕಚೇರಿಯಲ್ಲಿ ಕೆಲಸ, ವಾಹನ ನೋಂದಣಿಯ ಕೌಂಟರು. ಸಂಜೆ ಕಚೇರಿ ಮುಗಿಸಿ ಅವಳು ನೇರ ಇಲ್ಲಿಗೇ ಬಂದಳು. ಸಂಘದ ನಾಲ್ಕು ಜನರೂ ಬಂದು ಕೂತಿದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ.

ಮಾವನಿಗೆ ಇನ್ನೂ ನಂಬಿಕೆ ಇರಲಿಲ್ಲ. ಹಳೆಯ ನಂಬರು ಹಾಕಿದರೆ ಇಲ್ಲಿ ಹೊರಗಿನ ಗಾಡಿ, ಹೊಸದು ಹಾಕಿದರೆ ಅಲ್ಲಿ ಹೊರಗಿನ ಗಾಡಿ, ಅತ್ತ ದರಿ ಇತ್ತ ಪುಲಿ, ಆಂಬುಲೆನ್ಸಿನವನು ಬದುಕುವುದು ಹೇಗೆ ಎಂದರು.

ಗೆಳತಿ ಚೀಲ ಕೆಳಗಿಟ್ಟಳು. "ಮಾವ, ನಿಮ್ಮ ಸೊಸೆ ಇವತ್ತು ಸೇತುವೆ ದಾಟಿ ಹೋಗಿ ಬಂದಳಲ್ಲ. ಅಲ್ಲಿ ಅವಳ ಹೆಸರು ಬೇರೆ ಆಗಿತ್ತಾ?"

"ಅದು ಹೇಗಾಗತ್ತಮ್ಮ?"

"ಗಾಡಿದೂ ಅಷ್ಟೇ. ಒಂದು ಗಾಡಿ, ಒಂದು ನಂಬರ್. ನಂಬರ್ ಕಾಗದಕ್ಕೆ ಸೇರಿದ್ದು, ರಸ್ತೆಗೆ ಸೇರಿದ್ದಲ್ಲ. ಇಲ್ಲಿ ನೋಂದಣಿ ಆದ ಆಂಬುಲೆನ್ಸ್ ರೋಗೀನ ಕರ್ಕೊಂಡು ಆಚೆ ಹೋಗಿ ವಾಪಸ್ ಬರೋದಕ್ಕೆ ನಂಬರ್ ಬದಲಾಯಿಸೋ ಅಗತ್ಯವೇ ಇಲ್ಲ."

ಹಾಗಾದರೆ ಹಳೆಯ ನಂಬರನ್ನೇ ಸಾಯುವವರೆಗೂ ಇಟ್ಟುಕೊಳ್ಳಬಹುದಲ್ಲ ಎಂದು ಸಂಘದ ಒಬ್ಬರು ಕೇಳಿದರು. ಅದೂ ಇಲ್ಲ ಎಂದಳು ಗೆಳತಿ. ಹೋಗಿ ಬರುವುದು ಬೇರೆ, ಬಂದು ನೆಲೆಸುವುದು ಬೇರೆ. ನೆಂಟರು ಎರಡು ದಿನ ಇದ್ದು ಹೋದರೆ ಯಾರೂ ಕೇಳುವುದಿಲ್ಲ, ಇಲ್ಲೇ ಮನೆ ಮಾಡಿದರೆ ವಿಳಾಸ ಬದಲಾಯಿಸಬೇಕು ತಾನೇ. ಈ ಗಾಡಿ ಇನ್ನು ಈ ಊರಿನದು. ಅದಕ್ಕೆ ಮೊದಲು ಆಚೆ ರಾಜ್ಯದ ಕಚೇರಿಯಿಂದ, ಗಾಡಿ ಕೊಂಡೊಯ್ಯಲು ನಮ್ಮ ಆಕ್ಷೇಪವಿಲ್ಲ ಎಂಬ ಪತ್ರ ತರಬೇಕು. ಅದನ್ನು ಇಟ್ಟು ಇಲ್ಲಿಯ ಕಚೇರಿಯಲ್ಲಿ ಹೊಸ ನೋಂದಣಿಗೆ ಅರ್ಜಿ ಕೊಡಬೇಕು. ಇದಕ್ಕೆಲ್ಲ ಗಡುವು ಇರುತ್ತದೆ, ಅದು ಎಷ್ಟು ದಿನ ಎಂಬುದನ್ನು ಕೌಂಟರಿನಲ್ಲಿ ಕೇಳಿಯೇ ತಿಳಿದುಕೊಳ್ಳಬೇಕು, ಚಹಾದಂಗಡಿಯಲ್ಲಲ್ಲ. ಒಡೆತನ ಸಂಘದ ಹೆಸರಿಗೆ ಬರಬೇಕು, ವಿಮೆಯೂ ಸಂಘದ ಹೆಸರಿಗೇ. ನೋಂದಣಿ ಪತ್ರದಲ್ಲಿ ಗಾಡಿಯ ಬಗೆ ಆಂಬುಲೆನ್ಸ್ ಎಂದೇ ಇರಬೇಕು. ಇವರ ಪುಣ್ಯ, ಅದು ಹಾಗೇ ಇತ್ತು. ಎಷ್ಟೋ ಕಡೆ ಸರಕಿನ ಗಾಡಿಗೆ ಕೆಂಪು ಬಣ್ಣ ಬಳಿದು, ದೀಪ ಸಿಕ್ಕಿಸಿ ಆಂಬುಲೆನ್ಸ್ ಎನ್ನುತ್ತಾರಂತೆ.

"ಹೊಸ ನಂಬರ್ ಬಂದ ಮೇಲೆ ಬರೆಯೋದಾದರೂ ನಾನೇ ತಾನೇ?" ಎಂದರು ಮಾವ.

ಗೆಳತಿ ಸೊಸೆಯ ಮುಖ ನೋಡಿದಳು. ಇದನ್ನು ಹೇಳುವುದೇ ಕಷ್ಟದ ಕೆಲಸ. ನಂಬರ್ ಪ್ಲೇಟನ್ನು ಒಪ್ಪಿಗೆ ಪಡೆದ ಕಡೆಯಲ್ಲೇ ಮಾಡಿಸಬೇಕು, ಅಲಂಕಾರದ ಅಕ್ಷರ ಬೇಡ, ಮೇಲೆ ಹಾರ ಬೇಡ, ದಾನಿಗಳ ಹೆಸರಿನ ಹಲಗೆ ಅಡ್ಡ ಬರಬಾರದು ಎಂದು ಮೆಲ್ಲಗೆ ಬಿಡಿಸಿ ಹೇಳಿದಳು. ಮಾವನ ಮುಖ ಚಿಕ್ಕದಾಯಿತು. ಊರಿನ ಅಕ್ಷರವೆಲ್ಲ ನನ್ನದು, ನನ್ನ ಮಗ ಓಡಿಸುವ ಗಾಡಿಯ ನಂಬರ್ ಮಾತ್ರ ಪರರ ಕೈಯದು ಎಂದು ಗೊಣಗಿದರು. ನಂಬರಿನಲ್ಲಿ ಅಂಥದ್ದೇನಿದೆ, ನಾಲ್ಕು ಅಂಕಿ ತಾನೇ ಎಂದೂ ಸೇರಿಸಿದರು.

ಆಗ ಸೊಸೆಯೇ ಬಾಯಿಬಿಟ್ಟಳು. ಗೋಡೆಗೆ ಒರಗಿ ಕೂತಿದ್ದವಳು ನೆಟ್ಟಗಾದಳು.

"ಮಾವ, ಒಂದು ಮಾತು. ನನಗೆ ನೋವು ಬಂದು ಹೊರಟಿದ್ದೀವಿ ಅಂತಿಟ್ಟುಕೊಳ್ಳಿ. ನಡುದಾರೀಲಿ ಗಾಡಿ ಕೆಟ್ಟಿತು. ಇವರು ಸಹಾಯಕ್ಕೆ ಫೋನ್ ಮಾಡಿ ಗಾಡಿ ನಂಬರ್ ಹೇಳ್ತಾರೆ. ಹುಡುಕಿಕೊಂಡು ಬರೋರು ಏನನ್ನ ಹುಡುಕ್ತಾರೆ?"

ಹೊಸ್ತಿಲಿನಿಂದ ಅತ್ತೆ ಹೇಳಿದಳು, "ಸ್ಕೂಟರ್ ಹುಡುಕ್ತಾರೆ."

ಮಾವ ತಮ್ಮ ಬಣ್ಣ ಹತ್ತಿದ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಎದ್ದು ಹಿತ್ತಿಲಿಗೆ ಹೋದರು. ಡಬ್ಬಿಗಳು ಉರುಳಿದ ಸದ್ದು ಕೇಳಿಸಿತು. ಹಳೆಯ ಎರಡು ಪ್ಲೇಟುಗಳನ್ನು ತಂದು ತಮ್ಮ ಪಂಚೆಯಿಂದಲೇ ಧೂಳು ಒರೆಸಿ ಮಗನ ಕೈಗಿಟ್ಟರು.

ಮರುದಿನದಿಂದ ಸಾಲುಮನೆಗಳಿಗೆ ಕಾಲಲ್ಲಿ ಚಕ್ರ ಕಟ್ಟಿದಂತಾಯಿತು. ಒಬ್ಬರು ವಿಮೆ ಕಚೇರಿಗೆ, ಒಬ್ಬರು ಆಚೆ ದಡದ ಆಸ್ಪತ್ರೆಯಲ್ಲಿ ಮಾರಾಟದ ಕಾಗದಕ್ಕೆ ಸಹಿ ಹಾಕಿಸಲು. ಗಾಡಿಯನ್ನು ಚೆಕ್‌ಪೋಸ್ಟಿನವರ ಒಪ್ಪಿಗೆಯಿಂದಲೇ ತಪಾಸಣೆಗೆ ಒಯ್ದರು. ಬ್ರೇಕು, ದೀಪ, ಟೈರು ಎಲ್ಲ ನೋಡಿ ಫಿಟ್‌ನೆಸ್ ಕೊಟ್ಟರು. ಎಲ್ಲರಿಗಿಂತ ಮುಂದೆ ಓಡಿದವರು ಬೋರ್ಡಪ್ಪ. ಆಕ್ಷೇಪವಿಲ್ಲ ಎಂಬ ಪತ್ರಕ್ಕಾಗಿ ಅವರು ಆಚೆ ರಾಜ್ಯದ ಕಚೇರಿಯ ಬೆಂಚಿನ ಮೇಲೆ ಎಷ್ಟು ಸಲ ಕೂತರೆಂದರೆ, ಅಲ್ಲಿಯ ಜವಾನ ಅವರಿಂದ ಕೊಡೆ ಇಡುವ ಜಾಗಕ್ಕೊಂದು ಬೋರ್ಡು ಬರೆಸಿಕೊಂಡ. ಹದಿನಾರನೆಯ ದಿನ ಪತ್ರ ಕೈಗೆ ಬಂತು. ಅದೇ ಮಧ್ಯಾಹ್ನ ಗೆಳತಿಯ ಕೌಂಟರಿನಲ್ಲಿ ಹೊಸ ನೋಂದಣಿಗೆ ಅರ್ಜಿ ಕೊಟ್ಟು ರಸೀದಿ ತಂದರು. ಗಾಡಿ ಮನೆಗೆ ಬಂತು, ತನ್ನ ಹಳೆಯ ನಂಬರಿನೊಂದಿಗೆ, ನಾಲ್ಕು ಸ್ಕ್ರೂ ಬಿಗಿಯಾಗಿ.

ಹೊಸ ನಂಬರ್ ಬರುವುದಕ್ಕೆ ಇನ್ನೂ ಕೆಲವು ದಿನ ಬೇಕಿತ್ತು. ಮಕ್ಕಳು ಅಷ್ಟು ಕಾಯಲಿಲ್ಲ.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಬಟ್ಟೆ ಮಡಿಸುತ್ತಿದ್ದವಳಿಗೆ ಸೊಂಟದಿಂದ ನೋವು ಎದ್ದಿತು. ಒಂದೇ ನೋವು. ಡಾಕ್ಟರಮ್ಮನ ಮಾತು ಕಿವಿಯಲ್ಲಿತ್ತು. ಗಂಡ ಬೀಗದ ಕೈಗೆ ಓಡಿದ. ಆದರೆ ಬೀಗದ ಕೈ ಮಾವನ ಮುಷ್ಟಿಯಲ್ಲಿತ್ತು, ಮುಷ್ಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಸುಟ್ಟುಕೊಂಡವರು ಅವರು. ಹೊಸ ನಂಬರ್ ಬಂದಿಲ್ಲ, ಮತ್ತೆ ಸೇತುವೆಯ ಮೇಲೆ ಹಿಡಿದರೆ ಇವಳ ಗತಿ ಏನು, ಟೆಂಪೋ ಕರೆಸು ಎಂದು ಅವರು ಹಠ ಹಿಡಿದರು. ಅತ್ತೆ ಬೈದಳು, ಮಗ ಕೈಮುಗಿದ. ಅಕ್ಕಪಕ್ಕದವರು ಬಾಗಿಲಿಗೆ ಬಂದರು, ತಲೆಗೊಂದು ಮಾತು ಆಡಿದರು.

ಅವಳು ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು. ಈ ಸಲ ಗಂಟು ಕಂಡ ಕೂಡಲೇ ಯಂತ್ರ ನಿಲ್ಲಿಸಿದಳು.

"ಮಾವ, ಇಲ್ಲಿ ನೋಡಿ. ಹಳೆ ನಂಬರ್ ಸುಳ್ಳು ನಂಬರ್ ಅಲ್ಲ. ಹೊಸದು ಕೊಡೋವರೆಗೂ ಅದೇ ಗಾಡಿಯ ನಿಜವಾದ ನಂಬರ್. ಎಲ್ಲ ಕಾಗದ ಸರಿ ಇದೆ, ರಸೀದಿನೂ ಇದೆ, ಎಲ್ಲ ಸೀಟಿನ ಹಿಂದಿನ ಚೀಲದಲ್ಲಿದೆ, ನಾನೇ ಇಟ್ಟಿದ್ದೀನಿ. ಬೀಗದ ಕೈ ಕೊಡಿ."

ಮಾವ ಸೊಸೆಯ ಮುಖ ನೋಡಿದರು. ಮುಷ್ಟಿ ಬಿಚ್ಚಿತು.

ಸೈರನ್ ಕೂಗಿತು. ಈ ಸಲ ಅತ್ತೆ ಬೆಚ್ಚಲಿಲ್ಲ, ಸ್ಟ್ರೆಚರಿನ ಪಕ್ಕದಲ್ಲಿ ಕೂತು ಸೊಸೆಯ ಕೈ ಹಿಡಿದಿದ್ದಳು. ಮಾವ ಮುಂದಿನ ಸೀಟಿನಲ್ಲಿ ಕಾಗದದ ಚೀಲವನ್ನು ಎದೆಗವಚಿಕೊಂಡಿದ್ದರು. ಸೇತುವೆ ಬಂತು. ನಡುವೆ ಎಲ್ಲೂ ನಿಲ್ಲಲಿಲ್ಲ, ಯಾರೂ ಇಳಿಯಲಿಲ್ಲ, ಏನನ್ನೂ ತಿರುಗಿಸಲಿಲ್ಲ. ಚೆಕ್‌ಪೋಸ್ಟು ಕಾಣುತ್ತಲೇ ಮಾವ ಚೀಲವನ್ನು ಕಿಟಕಿಯಿಂದ ಹೊರಗೆ ಎತ್ತಿ ಹಿಡಿದರು. ಅದೇ ಸಾಹೇಬರು ನಿಂತಿದ್ದರು. ಅವರು ಚೀಲ ನೋಡಲಿಲ್ಲ. ಪ್ಲೇಟಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರು, ಕೈ ಎತ್ತಿದರು. ಅಡ್ಡಗಂಬ ಆಗಲೇ ಮೇಲಿತ್ತು. ಗಾಡಿ ವೇಗ ಕೂಡ ತಗ್ಗಿಸದೆ ದಾಟಿತು.

ಮೂವತ್ತೇಳು ನಿಮಿಷ. ಆಸ್ಪತ್ರೆಯಲ್ಲಿ ಎಲ್ಲ ಸಿದ್ಧವಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಹೆಣ್ಣು, ಒಂದು ಗಂಡು, ಅಡ್ಡ ಮಲಗಿದ್ದದ್ದು ಹೆಣ್ಣು. ಅಜ್ಜನ ಹಠ ಬಂದಿದೆ ಎಂದಳು ಅತ್ತೆ. ಡಾಕ್ಟರಮ್ಮ ಮಾತ್ರ ನಗದೆ, ಇನ್ನೊಂದು ಗಂಟೆ ತಡವಾಗಿದ್ದರೆ ಈ ಮಗುವಿನ ವಿಷಯ ಹೇಳಲಾಗುತ್ತಿರಲಿಲ್ಲ ಎಂದರು.

ತಾಯಿ ಮಕ್ಕಳು ಮನೆಗೆ ಬಂದ ಮೇಲೆ ಹೊಸ ನಂಬರೂ ಬಂತು. ಪ್ಲೇಟನ್ನು ಸಿಕ್ಕಿಸಬೇಕಾದವರೇ ಸಿಕ್ಕಿಸಿದರು. ಬೋರ್ಡಪ್ಪ ಕೈಕಟ್ಟಿ ನಿಂತು ನೋಡಿ, ಅಕ್ಷರಕ್ಕೆ ಜೀವವಿಲ್ಲ, ಆದರೆ ನಿಜ ಇದೆ ಎಂದರು. ಅವರಿಗೂ ಒಂದು ಕೆಲಸ ಉಳಿದಿತ್ತು. ಗಾಡಿಯ ಮೂತಿಯ ಮೇಲೆ ಆಂಬುಲೆನ್ಸ್ ಎಂಬುದನ್ನು ತಿರುವಿ ಬರೆಯಬೇಕು, ಮುಂದೆ ಹೋಗುವ ಗಾಡಿಯವರಿಗೆ ಕನ್ನಡಿಯಲ್ಲಿ ನೆಟ್ಟಗೆ ಕಾಣಬೇಕಲ್ಲ. ಅತ್ತೆಯ ಕನ್ನಡಿ ಎದುರಿಟ್ಟುಕೊಂಡು ಎರಡು ದಿನ ಕಷ್ಟಪಟ್ಟು ಬರೆದರು. ಬಂದವರಿಗೆಲ್ಲ ಕನ್ನಡಿ ಹಿಡಿದು ತೋರಿಸಿದರು. ಯಾರೋ ಮಕ್ಕಳಿಗೇನು ಹೆಸರಿಡುತ್ತೀರಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ:

"ಮಕ್ಕಳು ಎರಡು, ಹೆಸರೂ ಎರಡು. ಗಾಡಿ ಒಂದು, ನಂಬರೂ ಒಂದೇ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಿನ ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಇಂದೇ ಒಮ್ಮೆ ಹೋಗಿ ಬನ್ನಿ. ಹಿಂದೆ ಮುಂದೆ ಎರಡೂ ಕಡೆ ಒಂದೇ ನಂಬರ್ ಇದೆಯೇ, ದೂರದಿಂದ ಓದಲು ಬರುತ್ತದೆಯೇ, ಅದಕ್ಕೆ ಏನಾದರೂ ಅಡ್ಡ ಬಂದಿದೆಯೇ ನೋಡಿ. ಡ್ರೈವರನನ್ನು ಕೇಳಿ: ನೋಂದಣಿ ಪತ್ರ, ವಿಮೆ, ಫಿಟ್‌ನೆಸ್ ಗಾಡಿಯಲ್ಲೇ ಇವೆಯೇ, ಅವಧಿ ಮುಗಿದಿಲ್ಲವೇ? ಗಾಡಿ ಬೇರೆ ರಾಜ್ಯದಿಂದ ಬಂದು ನಿಮ್ಮಲ್ಲೇ ಉಳಿದಿದ್ದರೆ ಹೊಸ ನೋಂದಣಿಯ ವಿಷಯವನ್ನು ಸಾರಿಗೆ ಕಚೇರಿಯಲ್ಲೇ ವಿಚಾರಿಸಿ. ಕೇಳಲು ಸಂಕೋಚವಾದೀತು. ದೊಡ್ಡವರು ಬೇಸರ ಮಾಡಿಕೊಂಡಾರು ಅನಿಸೀತು. ಆದರೂ ಕೇಳಿ. ನಿಮ್ಮ ಕಣ್ಣಿಗೆ ಕಂಡ ಗಂಟನ್ನು ಈ ಹೊತ್ತೇ ಬಿಡಿಸಿದರೆ, ನಿಮ್ಮ ಮನೆಯವರು ಸ್ಟ್ರೆಚರಿನ ಮೇಲಿರುವ ದಿನ ಸೇತುವೆಯ ಅಡ್ಡಗಂಬ ಮೇಲೆಯೇ ಇರುತ್ತದೆ.